ಕೇಶವನ ಗುಡಿಯ ಊರಿಗೆ ಸೋಮನಾಥಪುರವೆಂಬ ಹೆಸರೇಕೆ? ಆ ಊರು ಹುಟ್ಟಿ ಬೆಳೆದದ್ದು ಹೇಗೆ?

ಹಾದಿಹೋಕ (ಪ್ರಶ್ನೆ):
ಎಲ್ಲರಿಗೂ ನಮಸ್ಕಾರ. ಕಳೆದ ತಿಂಗಳು ತಾಯಿಯವರನ್ನು ಕರೆದುಕೊಂಡು ಟಿ. ನರಸೀಪುರ ತಾಲ್ಲೂಕಿನ ಸೋಮನಾಥಪುರಕ್ಕೆ ಹೋಗಿದ್ದೆ. ಗುಡಿಯನ್ನು ನೋಡಿ ಹೊರಬಂದ ಮೇಲೆ ಅಮ್ಮ ಕೇಳಿದ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ: "ಒಳಗಿರುವವನು ಕೇಶವ, ಊರಿನ ಹೆಸರು ಮಾತ್ರ ಸೋಮನಾಥಪುರ, ಇದು ಹೇಗಪ್ಪಾ?" ನನ್ನ ಸಂದೇಹ ಇನ್ನೊಂದು. ಇಷ್ಟು ದೊಡ್ಡ ಗುಡಿಯ ಪಕ್ಕದಲ್ಲಿ ಇಷ್ಟು ಚಿಕ್ಕ ಊರು ಏಕಿದೆ? ಮೊದಲು ಊರಿದ್ದು ಆಮೇಲೆ ಗುಡಿ ಬಂದಿತೇ, ಅಥವಾ ಗುಡಿಗಾಗಿಯೇ ಊರನ್ನು ಕಟ್ಟಿದರೇ? ಗುಡಿಯ ಶಿಲ್ಪಕಲೆಯ ಬಗ್ಗೆ ಬರಹಗಳು ಬೇಕಾದಷ್ಟಿವೆ. ಊರಿನ ಬಗ್ಗೆ ತಿಳಿದವರು ದಯವಿಟ್ಟು ಬರೆಯಿರಿ.

ಶಾಸನಪ್ರಿಯ:
ತಾಯಿಯವರು ಸರಿಯಾದ ಪ್ರಶ್ನೆಯನ್ನೇ ಕೇಳಿದ್ದಾರೆ. ಊರಿನ ಹೆಸರಿನಲ್ಲಿರುವ ಸೋಮನಾಥ ಶಿವನಲ್ಲ, ಹೊಯ್ಸಳ ದೊರೆ ಮೂರನೆಯ ನರಸಿಂಹನ ದಂಡನಾಯಕ. ಆತ ಇಲ್ಲಿ ಒಂದು ಅಗ್ರಹಾರವನ್ನು ಸ್ಥಾಪಿಸಿ, ಅದಕ್ಕೆ ತನ್ನ ಹೆಸರನ್ನೇ ಸೇರಿಸಿ "ವಿದ್ಯಾನಿಧಿ ಪ್ರಸನ್ನ ಸೋಮನಾಥಪುರ" ಎಂದು ಕರೆದ. ಅಗ್ರಹಾರದ ನಡುವೆ ಕಟ್ಟಿಸಿದ ಕೇಶವ ದೇವಾಲಯದ ಪ್ರತಿಷ್ಠೆ 1258ರಲ್ಲಿ ನಡೆಯಿತೆಂದು ಸಾಮಾನ್ಯವಾಗಿ ಒಪ್ಪಲಾಗಿದೆ.

ಆದ್ದರಿಂದ "ಊರು ಮೊದಲೋ ಗುಡಿ ಮೊದಲೋ" ಎಂಬ ಪ್ರಶ್ನೆ ಇಲ್ಲಿ ಅಷ್ಟಾಗಿ ಹೊಂದುವುದಿಲ್ಲ, ಏಕೆಂದರೆ ಎರಡೂ ಒಬ್ಬನೇ ವ್ಯಕ್ತಿಯ ಒಂದೇ ಯೋಜನೆಯ ಭಾಗಗಳು. ನಡುವೆ ವಿಷ್ಣುವಿನ ಗುಡಿ, ಈಶಾನ್ಯ ದಿಕ್ಕಿಗೆ ಶಿವನ ಗುಡಿ, ಸುತ್ತಲೂ ಕೋಟೆ, ಜೊತೆಗೆ ಬ್ರಾಹ್ಮಣ ಕುಟುಂಬಗಳಿಗೆ ಭೂಮಿ: ಹೀಗೆ ಲೆಕ್ಕ ಹಾಕಿ ಕಟ್ಟಿದ ಊರು ಅದು. ಪುರಹರ, ನರಸಿಂಹೇಶ್ವರ, ಮುರಹರ, ಲಕ್ಷ್ಮೀನರಸಿಂಹ, ಯೋಗನಾರಾಯಣ ಮೊದಲಾದ ದೇವರಿಗೂ ಆತ ಗುಡಿಗಳನ್ನು ಕಟ್ಟಿಸಿದನೆಂದು ಶಾಸನಗಳಿಂದ ತಿಳಿಯುತ್ತದೆ. ಇವುಗಳಲ್ಲಿ ಹೆಚ್ಚಿನವು ಈಗ ಕಾಣಸಿಗುವುದಿಲ್ಲ.

ನೀವು ಹೋದಾಗ ಮಹಾದ್ವಾರದ ಬಳಿ ನಿಂತಿರುವ ಎತ್ತರದ ಶಾಸನಕಲ್ಲನ್ನು ಗಮನಿಸಿದ್ದೀರೋ ಇಲ್ಲವೋ. ಬರುವವರಲ್ಲಿ ಹೆಚ್ಚಿನವರು ಅದರ ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಂಡು ಮುಂದೆ ಹೋಗಿಬಿಡುತ್ತಾರೆ. ನಿಮ್ಮ ಪ್ರಶ್ನೆಗೆ ಉತ್ತರವಿರುವುದು ಒಳಗಿನ ಶಿಲ್ಪಗಳಿಗಿಂತ ಹೆಚ್ಚಾಗಿ ಆ ಕಲ್ಲಿನಲ್ಲಿ. ಇದೇ ದಂಡನಾಯಕನ ವಿಷಯವನ್ನು ಹೇಳುವ ಶಾಸನಗಳು ದೂರದ ಹರಿಹರದ ಹರಿಹರೇಶ್ವರ ದೇವಾಲಯದಲ್ಲಿಯೂ ಇವೆ.

ಕೆರೆಯಂಗಳ:
ಮೇಲಿನವರು ಹೇಳಿದ್ದಕ್ಕೆ ಒಂದು ಮಾತನ್ನು ಸೇರಿಸುತ್ತೇನೆ. ಅಗ್ರಹಾರವೆಂದರೆ ಬರೀ ಸಾಲುಮನೆಗಳ ಬೀದಿಯಲ್ಲ, ಅದೊಂದು ಆದಾಯದ ವ್ಯವಸ್ಥೆ. ಊರಿನ ಭೂಮಿಯ ಹುಟ್ಟುವಳಿಯನ್ನು ವೃತ್ತಿಗಳೆಂದು ಪಾಲು ಮಾಡಿ, ಒಂದೊಂದು ವೃತ್ತಿಯನ್ನು ಒಬ್ಬೊಬ್ಬ ವಿದ್ವಾಂಸರಿಗೆ ಕೊಡುತ್ತಿದ್ದರು. ವೃತ್ತಿ ಪಡೆದವರು ಮಹಾಜನರೆನಿಸಿಕೊಂಡು ಊರಿನ ಆಡಳಿತವನ್ನು ನಡೆಸುತ್ತಿದ್ದರು. ಆದರೆ ನೇಗಿಲು ಹಿಡಿದವರು ಬೇರೆ, ಗಾಣದಿಂದ ದೀಪಕ್ಕೆ ಎಣ್ಣೆ ಕೊಟ್ಟವರು ಬೇರೆ, ಹೂ ಕಟ್ಟಿದವರು, ಮಡಕೆ ಮಾಡಿದವರು ಬೇರೆ. ಇಂತಹ ಊರುಗಳ ಇತಿಹಾಸವನ್ನು ಬರೆಯುವಾಗ ದಾನ ಪಡೆದವರ ವಿಷಯ ಉಳಿಯುತ್ತದೆ, ದುಡಿದವರ ವಿಷಯ ಬಿಟ್ಟುಹೋಗುತ್ತದೆ ಎಂಬುದು ನನ್ನ ಹಳೆಯ ತಕರಾರು.

ಶಿಲ್ಪಿಗಳ ವಿಷಯದಲ್ಲಿ ಮಾತ್ರ ಇಲ್ಲಿ ಪುಣ್ಯಕ್ಕೆ ಹೆಸರುಗಳು ಉಳಿದಿವೆ. ವಿಗ್ರಹಗಳ ಪೀಠದಲ್ಲಿ ಮಲ್ಲಿತಮ್ಮ ಮೊದಲಾದವರ ಹೆಸರನ್ನು ಈಗಲೂ ಓದಬಹುದು. ಆದರೆ ಅವರು ಕೆಲಸವಿದ್ದಲ್ಲಿಗೆ ಹೋಗುವವರು, ಕೆಲಸ ಮುಗಿದ ಮೇಲೆ ಇನ್ನೊಂದು ಊರಿನ ಕಲ್ಲನ್ನು ಹುಡುಕಿಕೊಂಡು ಹೊರಡುವವರು. ಮಲ್ಲಿತಮ್ಮನ ಹೆಸರು ತರೀಕೆರೆಯ ಬಳಿಯ ಅಮೃತಾಪುರದ ಗುಡಿಯಲ್ಲಿಯೂ ಕಾಣುತ್ತದೆ.

ಊರನ್ನು ಕಟ್ಟುವವನು ದಂಡನಾಯಕನೇ ಆಗಬೇಕೆಂದಿರಲಿಲ್ಲ ಎಂಬುದಕ್ಕೆ ಹಾಸನದ ಬಳಿಯ ದೊಡ್ಡಗದ್ದವಳ್ಳಿ ಸಾಕ್ಷಿ. ವಿಷ್ಣುವರ್ಧನನ ಕಾಲದಲ್ಲಿ ಕುಲ್ಲಹಣ ರಾಹುತನೆಂಬ ವ್ಯಾಪಾರಿ ಮತ್ತು ಅವನ ಹೆಂಡತಿ ಸಹಜಾದೇವಿ ಅಲ್ಲಿ "ಅಭಿನವ ಕೊಲ್ಲಾಪುರ"ವನ್ನು ನಿರ್ಮಿಸಿ ಲಕ್ಷ್ಮೀದೇವಿಯ ಗುಡಿಯನ್ನು ಕಟ್ಟಿಸಿದರು. ಅದು ಸೋಮನಾಥಪುರಕ್ಕಿಂತ ಸುಮಾರು ನೂರನಲವತ್ತು ವರ್ಷ ಹಿಂದಿನದು.

ಹಾದಿಹೋಕ:
ಇಬ್ಬರಿಗೂ ಧನ್ಯವಾದಗಳು. ಹಾಗಾದರೆ ಇಷ್ಟು ಲೆಕ್ಕ ಹಾಕಿ ಕಟ್ಟಿದ ಊರು ಮುಂದೆ ಪಟ್ಟಣವಾಗಿ ಬೆಳೆಯಲಿಲ್ಲವೇಕೆ?

ಬನ್ನೂರು ಕಡೆಯವ:
ನಮ್ಮ ಅಕ್ಕನನ್ನು ಆ ಭಾಗಕ್ಕೆ ಕೊಟ್ಟಿರುವುದರಿಂದ ಚಿಕ್ಕಂದಿನಿಂದಲೂ ಓಡಾಡಿದ ಜಾಗವಿದು. ನನಗೆ ತೋಚಿದ ಕಾರಣವನ್ನು ಹೇಳುತ್ತೇನೆ. ಆ ಊರು ಸಂತೆಯಿಂದಾಗಲಿ ದಾರಿಗಳು ಕೂಡುವ ಜಾಗವಾಗಿಯಾಗಲಿ ಹುಟ್ಟಿದ್ದಲ್ಲ, ಅರಮನೆಯ ಬೆಂಬಲದಿಂದ ಹುಟ್ಟಿದ್ದು. ಹದಿನಾಲ್ಕನೆಯ ಶತಮಾನದ ಮೊದಲಿನಿಂದ ದೆಹಲಿಯ ಸೈನ್ಯದ ದಾಳಿಗಳು ಆರಂಭವಾದವು, ಅದೇ ಶತಮಾನದ ನಡುವಿನ ಹೊತ್ತಿಗೆ ಹೊಯ್ಸಳರ ಆಳ್ವಿಕೆಯೇ ಮುಗಿಯಿತು. ಬೆಂಬಲ ಕಳಚಿದ ಮೇಲೆ ಅಗ್ರಹಾರ ಸೊರಗಿದ್ದರಲ್ಲಿ ಆಶ್ಚರ್ಯವಿಲ್ಲ. ಗುಡಿಯೂ ಹಾಳಾಗಿತ್ತು, ವಿಜಯನಗರದ ಕಾಲದಲ್ಲಿ ಅದನ್ನು ದುರಸ್ತಿ ಮಾಡಿದರು. ಸುತ್ತಿನ ಮಂಟಪದಲ್ಲಿಯೂ ಗುಡಿ ನಿಂತಿರುವ ಎತ್ತರದ ಕಟ್ಟೆಯಾದ ಜಗತಿಯಲ್ಲಿಯೂ ಕೆಲವು ಕಡೆ ಕಲ್ಲಿನ ಬಣ್ಣವೇ ಬೇರೆಯಾಗಿರುವುದನ್ನು ಮುಂದಿನ ಬಾರಿ ನೋಡಿ, ಅದು ಆ ತೇಪೆಯ ಗುರುತು. ಇಪ್ಪತ್ತನೆಯ ಶತಮಾನದ ಮೊದಲ ಭಾಗದಲ್ಲಿ ಮೈಸೂರು ಸರ್ಕಾರ ಮತ್ತೊಮ್ಮೆ ಜೀರ್ಣೋದ್ಧಾರ ಮಾಡಿತು.

ಈಗಿನ ಊರು ಬೇಸಾಯದ ಊರು. 2023ರ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡುಗಳ ಜೊತೆಗೆ ಇದೂ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಹೆಮ್ಮೆಯ ವಿಷಯವೇ, ಆದರೆ ಊರಿನ ಬೆಳವಣಿಗೆಗೆ ಇನ್ನೊಂದು ಮಿತಿಯೂ ಇದೆ. ಸಂರಕ್ಷಿತ ಸ್ಮಾರಕದ ಎಲ್ಲೆಯಿಂದ 100 ಮೀಟರ್‌ವರೆಗೆ ಹೊಸ ಕಟ್ಟಡಕ್ಕೆ ನಿಷೇಧವಿದೆ, ಅದರಾಚೆಯ 200 ಮೀಟರ್‌ಗೆ ಅನುಮತಿ ಬೇಕು. ಅಂದು ಗುಡಿ ಊರಿನ ನಡುವೆ ಇತ್ತು. ಇಂದು ಊರೇ ಗುಡಿಯಿಂದ ಅಳೆದು ದೂರ ನಿಲ್ಲಬೇಕಾಗಿದೆ.

ಹಾದಿಹೋಕ:
ಅಮ್ಮನಿಗೆ ಇದನ್ನೆಲ್ಲ ಓದಿ ಹೇಳಿದೆ. "ಹಾಗಾದರೆ ಆ ಶಿವನ ಗುಡಿಯನ್ನು ನಾವು ನೋಡಲೇ ಇಲ್ಲವಲ್ಲ" ಎಂದರು. ಅದು ಈಗಲೂ ಉಳಿದಿದೆಯೇ?

ಬನ್ನೂರು ಕಡೆಯವ:
ಉಳಿದಿದೆ, ಶಿಥಿಲವಾಗಿದೆ. ಪಂಚಲಿಂಗೇಶ್ವರನ ಗುಡಿಯೆಂದು ಕೇಳಿದರೆ ಊರಿನವರು ದಾರಿ ತೋರಿಸುತ್ತಾರೆ. ಕೇಶವನ ಗುಡಿಯ ಕುಸುರಿಯನ್ನು ಅಲ್ಲಿ ನಿರೀಕ್ಷಿಸಬೇಡಿ, ಜನರ ಗದ್ದಲವೂ ಇರುವುದಿಲ್ಲ. ತಾಯಿಯವರನ್ನು ಬಿಸಿಲೇರುವ ಮೊದಲೇ ಕರೆದುಕೊಂಡು ಹೋಗಿ.