ಪದಚರ್ಚೆ: ‘ಕಾವಿನ ಹಿಡಿ’ ಅನ್ನಬಹುದೇ? ಸ್ನೋಮೊಬೈಲಿನ ಬೆಚ್ಚಗಾಗುವ ಗ್ರಿಪ್‌ಗೆ ಪದ ಬೇಕು

ಬಳಗದ ಎಲ್ಲರಿಗೂ ನಮಸ್ಕಾರ.

ಚಳಿ ದೇಶಗಳಲ್ಲಿ ಹಿಮದ ಮೇಲೆ ಓಡಿಸುವ ಸ್ನೋಮೊಬೈಲಿಗೆ ಕರೆಂಟಿನಿಂದ ಬೆಚ್ಚಗಾಗುವ ಗ್ರಿಪ್ ಇರುತ್ತದೆ. ಹ್ಯಾಂಡಲ್ ಹಿಡಿದ ಕೈ ಮರಗಟ್ಟದಿರಲಿ ಅಂತ. ಈಗೀಗ ನಮ್ಮ ದೊಡ್ಡ ಬೈಕುಗಳಿಗೂ ಹಾಕಿಸುತ್ತಾರೆ. ಇದಕ್ಕೆ ಕನ್ನಡದಲ್ಲಿ ಏನನ್ನೋಣ? ಅದರ ಒಳಗಿರುವ ಭಾಗಗಳಿಗೆ ಏನನ್ನೋಣ? ನನ್ನ ಮನಸ್ಸು ‘ಕಾವಿನ ಹಿಡಿ’ ಕಡೆಗಿದೆ. ಕಾರಣ ಬರೆದಿದ್ದೇನೆ. ಒಪ್ಪಿಗೆ ಇಲ್ಲದವರು ದಯವಿಟ್ಟು ತಪ್ಪದೆ ಬರೆಯಿರಿ.

ಈ ಪ್ರಶ್ನೆ ಹುಟ್ಟಿದ್ದು ಹೀಗೆ. ನನ್ನ ತಂಗಿ ಮಗ ಕೆನಡಾದ ಮ್ಯಾನಿಟೋಬಾದಲ್ಲಿದ್ದಾನೆ. ಹಳೆಯ ಸ್ನೋಮೊಬೈಲ್ ಕೊಂಡು ಅದರ ಗ್ರಿಪ್ ಸರಿಮಾಡಿಕೊಳ್ಳುತ್ತಿದ್ದಾನೆ. ಇಲ್ಲಿ ಚಿಕ್ಕಬಳ್ಳಾಪುರದಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ಮೆಕ್ಯಾನಿಕ್ ಅಂಗಡಿ ಇದೆ. ಲಡಾಖ್, ಸ್ಪಿತಿ ಕಡೆ ಹೊರಡುವ ಹುಡುಗರ ಬೈಕಿಗೆ ಅವನು ಇಂಥ ಗ್ರಿಪ್ ಹಾಕಿಕೊಡುತ್ತಾನೆ. ಇಬ್ಬರೂ ಫೋನಿನಲ್ಲಿ ಗಂಟೆಗಟ್ಟಲೆ ಮಾತಾಡುತ್ತಾರೆ. ಈಗ ಒಬ್ಬ ‘ದೊಡ್ಡಮ್ಮ, ಇದನ್ನೆಲ್ಲ ಕನ್ನಡದಲ್ಲಿ ಬರೆದುಕೊಡಿ’ ಅಂತಾನೆ. ಇನ್ನೊಬ್ಬ ‘ಮಿಸ್, ಗೋಡೆಗೆ ಅಂಟಿಸೋ ಹಾಗೆ ಒಂದು ಹಾಳೆ ಮಾಡಿಕೊಡಿ’ ಅಂತಾನೆ. ಹೈಸ್ಕೂಲಿನಲ್ಲಿ ಕನ್ನಡದಲ್ಲೇ ವಿಜ್ಞಾನ ಪಾಠ ಮಾಡಿದವಳು ನಾನು. ಬರೆಯಲು ಕೂತಾಗ ಪದಗಳ ಪ್ರಶ್ನೆ ಒಂದರ ಹಿಂದೆ ಒಂದು ಎದ್ದಿತು.

ಗಾಡಿಯ ಹೆಸರನ್ನು ಹಾಗೆಯೇ ಬಿಡೋಣ. 1959ರಲ್ಲಿ ಬೊಂಬಾರ್ಡಿಯರ್ ಕಂಪನಿ ‘ಸ್ಕೀ-ಡೂ’ ಮಾರಾಟಕ್ಕೆ ತಂದ ಮೇಲೆ ಕೆನಡಾದಲ್ಲಿ ಎಷ್ಟೋ ಜನ ಯಾವ ಕಂಪನಿಯ ಸ್ನೋಮೊಬೈಲನ್ನಾದರೂ ಸ್ಕೀಡೂ ಅಂತಲೇ ಕರೆಯುತ್ತಾರೆ. ನಮ್ಮಲ್ಲಿ ಮಣ್ಣು ಅಗೆಯುವ ಯಂತ್ರವೆಲ್ಲ ಜೆಸಿಬಿ ಆಗಿಲ್ಲವೇ, ಹಾಗೆ. ‘ಮಂಜುಗಾಡಿ’ ಅಂತ ಒಬ್ಬರು ಸೂಚಿಸಿದರು. ನನಗೆ ಸರಿ ಕಾಣಲಿಲ್ಲ. ನಂದಿ ಬೆಟ್ಟದ ಬುಡದಲ್ಲಿರುವ ನಮಗೆ ಮಂಜು ಅಂದರೆ ಬೆಳಗಿನ ಜಾವ ದಾರಿ ಮುಚ್ಚುವ ಮಂಜು. ಅದರ ಮೇಲೆ ಗಾಡಿ ಓಡಿಸಲು ಆಗುವುದಿಲ್ಲ.

ಈಗ ‘ಹಿಡಿ’ಗೆ ಬರುತ್ತೇನೆ. ಕೈಯಲ್ಲಿ ಹಿಡಿಯುವ ಭಾಗಕ್ಕೆ ನಮ್ಮಲ್ಲಿ ಒಂದಲ್ಲ, ಹಲವು ಪದ ಇವೆ. ಚಾಕಿಗೆ, ಕುಡುಗೋಲಿಗೆ, ಬಕೆಟ್ಟಿಗೆ ಹಿಡಿ. ನೇಗಿಲಿಗೆ ಮೇಳಿ. ಕೊಡಲಿಗೆ, ಗುದ್ದಲಿಗೆ ಕಾವು. ‘ಕೊಡಲಿ ಕಾವು ಕುಲಕ್ಕೆ ಮೃತ್ಯು’ ಅನ್ನುವ ಗಾದೆ ಎಲ್ಲರಿಗೂ ಗೊತ್ತಿದೆ. ಇಲ್ಲೇ ಒಂದು ತೊಡಕು ಬರುತ್ತದೆ ಅನ್ನಿಸಬಹುದು. ಕಾವು ಅಂದರೆ ಬಿಸುಪು. ಕಾವು ಅಂದರೆ ಕೊಡಲಿಯ ಹಿಡಿಯೂ ಹೌದು. ಹಾಗಾದರೆ ‘ಕಾವಿನ ಹಿಡಿ’ ಅಂದಾಗ ಓದುಗ ಗೊಂದಲಕ್ಕೆ ಬೀಳುವುದಿಲ್ಲವೇ?

ಬೀಳುವುದಿಲ್ಲ ಅನ್ನುವುದು ನನ್ನ ಅಭಿಪ್ರಾಯ. ಈ ಎರಡು ಕಾವುಗಳು ಬೇರೆ ಬೇರೆ ಬೇರಿನವು. ಬಿಸುಪಿನ ಕಾವು ‘ಕಾಯ್’ ಧಾತುವಿನದು. ಕಾಯಿಸು, ಕಾದ ಎಣ್ಣೆ, ಎಲ್ಲ ಆ ಮನೆಯವು. ಕೊಡಲಿಯ ಕಾವಿಗೆ ನಂಟು ತಮಿಳಿನ ಕಾಂಬು, ತೆಲುಗಿನ ಕಾಮ. ಅಂದರೆ ತೊಟ್ಟು, ಕಾಂಡ, ಕೋಲು. ಬಳಕೆಯಲ್ಲೂ ವ್ಯತ್ಯಾಸ ಸ್ಪಷ್ಟ. ಕಬ್ಬಿಣದ ಕಣ್ಣಿಗೆ ತೂರಿಸಿ ಬಿಗಿ ಮಾಡಿದ ಉದ್ದನೆಯ ಕೋಲು ಮಾತ್ರ ಕಾವು. ಮುಷ್ಟಿಯೊಳಗೆ ಕೂರುವ ಗಿಡ್ಡ ಭಾಗಕ್ಕೆ ಯಾರೂ ಕಾವು ಅನ್ನುವುದಿಲ್ಲ, ಹಿಡಿ ಅಂತಲೇ ಅನ್ನುತ್ತಾರೆ. ಬಾಗೇಪಲ್ಲಿ ಕಡೆ ತೆಲುಗು ಮಾತಾಡುವವರು ಇದನ್ನೇ ಪಿಡಿ ಅಂತಾರೆ. ನಮ್ಮ ಹಳೆಯ ಪಕಾರವೂ ‘ಕೈಪಿಡಿ’ಯಲ್ಲಿ ಇನ್ನೂ ಉಳಿದಿದೆ. ಹಾಗಾಗಿ ಗ್ರಿಪ್‌ಗೆ ಹಿಡಿ ಅನ್ನುವುದರಲ್ಲಿ ನನಗೆ ಅನುಮಾನವಿಲ್ಲ.

ಬಿಸಿ, ಶಾಖ, ಕಾವು. ಇವುಗಳಲ್ಲಿ ಯಾವುದು? ‘ಬಿಸಿ ಹಿಡಿ’ ಅಂದರೆ ಕಿವಿಗೆ ಆಜ್ಞೆಯ ಹಾಗೆ ಕೇಳುತ್ತದೆ, ಬಿಸಿಯಾದದ್ದನ್ನು ಹಿಡಿ ಅಂದಂತೆ. ಮತ್ತೆ ಬಿಸಿನೀರು, ಬಿಸಿಯೂಟ ಅನ್ನುವಾಗ ನೀರೇ ಬಿಸಿ, ಊಟವೇ ಬಿಸಿ. ಇನ್ನೊಬ್ಬರನ್ನು ಬೆಚ್ಚಗಿಡುವ ಗುಣ ಆ ಪದದಲ್ಲಿಲ್ಲ. ಶಾಖ ಅಂದ ತಕ್ಷಣ ಮಂಡಿ ನೋವಿಗೆ ಶಾಖ ಕೊಡುವುದು ನೆನಪಾಗುತ್ತದೆ. ಕಾವು ಹಾಗಲ್ಲ. ಕೋಳಿ ಕಾವಿಗೆ ಕೂರುತ್ತದೆ. ಶಿಡ್ಲಘಟ್ಟದ ಕಡೆ ಚಳಿಗಾಲದಲ್ಲಿ ರೇಷ್ಮೆ ಹುಳದ ಮನೆಯಲ್ಲಿ ಕೆಂಡದ ಒಲೆ ಇಟ್ಟು ಕಾವು ಕಾಪಾಡುತ್ತಾರೆ. ಚಾಕಿ ಹುಳಕ್ಕೆ, ಅಂದರೆ ಎಳೆಯ ಹುಳಕ್ಕೆ, 27-28 ಡಿಗ್ರಿ ಇರಬೇಕು, ಜಾಸ್ತಿಯೂ ಆಗಬಾರದು. ಸುಡದೆ, ಆರದೆ, ಒಂದೇ ಸಮ ಹರಡಿಕೊಂಡಿರುವ ಬಿಸುಪೇ ಕಾವು. ಗ್ರಿಪ್ ಮಾಡಬೇಕಾದ ಕೆಲಸವೂ ಅದೇ ಅಲ್ವಾ? ಬಿಸಿಯಾಗಿ ಅಂಗೈ ಸುಟ್ಟರೆ ಓಡಿಸುವವನು ಗ್ಲೌಸಿನೊಳಗೇ ಬೆರಳು ಎತ್ತಿ ಎತ್ತಿ ಹಿಡಿಯುತ್ತಾನೆ.

ನನಗೆ ನಿಜವಾದ ಕಷ್ಟ ಇರುವುದು ಇದರ ಮುಂದಿನ ಭಾಗದಲ್ಲಿ.

ಗ್ರಿಪ್ ಸುಧಾರಿಸುವುದು ಅಂದರೆ ಮೊದಲು ಎಲ್ಲರೂ ಯೋಚಿಸುವುದು ಹೆಚ್ಚು ವ್ಯಾಟಿನ ಹೀಟರ್ ಹಾಕುವುದು. ಆದರೆ ತೊಂದರೆ ಬಹಳ ಸಲ ವ್ಯಾಟಿನದಲ್ಲ. ಒಳಗೆ ಇರುವುದು ಕಾಗದದಷ್ಟು ತೆಳ್ಳಗಿನ ಪ್ಲಾಸ್ಟಿಕ್ ಹಾಳೆ. ಅದರಲ್ಲಿ ಹಾವಿನಂತೆ ಸುತ್ತಿ ಬರುವ ಲೋಹದ ಗೆರೆ. ಕರೆಂಟ್ ಹರಿದಾಗ ಆ ಗೆರೆ ಕಾಯುತ್ತದೆ. ಈ ಹಾಳೆಯನ್ನು ಹ್ಯಾಂಡಲ್ ಪೈಪಿನ ಮೇಲೆ ಅಂಟಿಸಿ, ಅದರ ಮೇಲೆ ರಬ್ಬರ್ ಗ್ರಿಪ್ ತೂರಿಸಿರುತ್ತಾರೆ. ಹೊರಗಡೆ ರಬ್ಬರ್. ಅದು ಬಿಸಿಯನ್ನು ಸುಲಭವಾಗಿ ದಾಟಿಸುವುದಿಲ್ಲ. ಒಳಗಡೆ ಉಕ್ಕು ಅಥವಾ ಅಲ್ಯೂಮಿನಿಯಂ ಪೈಪು. ಅದು ಚೆನ್ನಾಗಿ ದಾಟಿಸುತ್ತದೆ, ಅದರಲ್ಲೂ ಅಲ್ಯೂಮಿನಿಯಂ ಉಕ್ಕಿಗಿಂತ ಹಲವು ಪಟ್ಟು ಜಾಸ್ತಿ. ಪೈಪಿನ ಉಳಿದ ಭಾಗವೆಲ್ಲ ಹೊರಗಿನ ಕೊರೆಯುವ ಗಾಳಿಯಲ್ಲಿದೆ. ಹಾಗಾಗಿ ಕಾವಿನ ದೊಡ್ಡ ಪಾಲು ಅಂಗೈಗೆ ಬರದೆ ಪೈಪಿಗೆ ಇಳಿದು ಹೋಗುತ್ತದೆ. ಮೆಕ್ಯಾನಿಕ್ ಹುಡುಗ ಇದನ್ನು ಹೇಳುವ ರೀತಿ ನನಗೆ ತುಂಬಾ ಹಿಡಿಸಿತು. ‘ಪೈಪೇ ಕುಡಿದುಬಿಡುತ್ತೆ ಮಿಸ್’ ಅಂತಾನೆ. ಬದನೆಕಾಯಿ ಎಣ್ಣೆ ಕುಡಿಯುತ್ತದೆ ಅಂತೀವಲ್ಲ, ಅದೇ ಕುಡಿ. ‘ಉಷ್ಣವು ವಹನದಿಂದ ನಷ್ಟವಾಗುತ್ತದೆ’ ಅಂತ ನಾನು ಹಾಳೆಯಲ್ಲಿ ಬರೆದಿದ್ದೆ. ಅದನ್ನು ಹೊಡೆದುಹಾಕಿ ‘ಪೈಪು ಕಾವು ಕುಡಿಯುತ್ತದೆ’ ಅಂತ ಬರೆದೆ.

ಬೈಕಿನಲ್ಲಿ ಇದು ಕಣ್ಣಿಗೆ ಕಾಣುವಷ್ಟು ಸ್ಪಷ್ಟ. ಬಲಗಡೆ ಗ್ರಿಪ್ ಕೂರುವುದು ಎಕ್ಸಲೇಟರಿನ ಪ್ಲಾಸ್ಟಿಕ್ ಕೊಳವೆಯ ಮೇಲೆ. ಎಡಗಡೆಯದು ನೇರ ಲೋಹದ ಪೈಪಿನ ಮೇಲೆ. ಒಂದೇ ಥರದ ಹೀಟರ್ ಎರಡೂ ಕಡೆ ಹಾಕಿದರೆ ಬಲಗೈ ಬೆಚ್ಚಗೆ, ಎಡಗೈ ತಣ್ಣಗೆ. ಅದಕ್ಕೇ ಕೆಲವು ಕಂಪನಿಗಳು ಎಡಗಡೆಗೆ ಜಾಸ್ತಿ ವ್ಯಾಟಿನ ಹೀಟರ್ ಕೊಡುತ್ತವೆ. ಸ್ನೋಮೊಬೈಲಿನಲ್ಲಿ ಎಕ್ಸಲೇಟರ್ ತಿರುಗಿಸುವಂಥದ್ದಲ್ಲ, ಬಲ ಹೆಬ್ಬೆಟ್ಟಿನಿಂದ ಒತ್ತುವ ಪುಟ್ಟ ಸನ್ನೆ (ಲಿವರ್). ಆದ್ದರಿಂದ ಎರಡು ಗ್ರಿಪ್ಪೂ ಲೋಹದ ಮೇಲೆಯೇ ಕೂರುತ್ತವೆ. ಎರಡೂ ಕಡೆ ಪೈಪು ಕುಡಿಯುತ್ತದೆ.

ಪರಿಹಾರ ಸುಲಭ. ಹೀಟರ್ ಹಾಳೆಗೂ ಪೈಪಿಗೂ ನಡುವೆ ಬಿಸಿ ದಾಟಿಸದ ಒಂದು ಪದರ ಹಾಕಬೇಕು. ತಂಗಿ ಮಗ ಬಳಸಿದ್ದು ಬಿಸಿ ಮಾಡಿದರೆ ಮುದುಡಿ ಬಿಗಿಯಾಗುವ ಪ್ಲಾಸ್ಟಿಕ್ ಸ್ಲೀವ್. ವೈರಿಂಗ್ ಅಂಗಡಿಗಳಲ್ಲಿ ಸಿಗುತ್ತದಲ್ಲ, ಅದರದೇ ದೊಡ್ಡ ಅಳತೆಯದು. ತೆಳು ಬೆಂಡಿನ ಹಾಳೆಯೂ ಆಗುತ್ತದೆ. ಪದರ ದಪ್ಪವಾದರೆ ಗ್ರಿಪ್ ಒಳಗೆ ಹೋಗುವುದಿಲ್ಲ, ಹೋದರೂ ಮುಷ್ಟಿಗೆ ದಪ್ಪವಾಗುತ್ತದೆ. ಬಿಸಿಗೆ ಮೆತ್ತಗಾಗುವ ಅಂಟು ಬಳಸಿದರೆ ಓಡಿಸುವಾಗ ಗ್ರಿಪ್ಪೇ ತಿರುಗಿಬಿಡಬಹುದು, ಅದು ಅಪಾಯ.

ಈ ಪದರಕ್ಕೆ ಏನು ಹೆಸರು? ಪಠ್ಯಪುಸ್ತಕದ ದಾರಿ ಹಿಡಿದರೆ ‘ಉಷ್ಣ ನಿರೋಧಕ’. ಅದರ ಮೇಲಿರುವ ಹೀಟರ್ ಗೆರೆ ‘ರೋಧಕ’, ಯಾಕೆಂದರೆ ಅದು ಕರೆಂಟಿಗೆ ರೋಧ ಒಡ್ಡಿಯೇ ಕಾಯುತ್ತದೆ. ಈಗ ವಾಕ್ಯ ಹೀಗಾಗುತ್ತದೆ: ‘ರೋಧಕದ ಕೆಳಗೆ ನಿರೋಧಕವನ್ನು ಸುತ್ತಿರಿ.’ ಕೈಯಲ್ಲಿ ಸ್ಕ್ರೂಡ್ರೈವರ್ ಹಿಡಿದು ನಿಂತವನು ಒಂದು ‘ನಿ’ ನೋಡದೆ ಹೋದರೆ ಕೆಲಸ ತಲೆಕೆಳಗು. ಪದರ ಮೇಲೆ ಬಂದು ಹೀಟರ್ ಕೆಳಗೆ ಹೋದರೆ ಇಡೀ ಕಾವು ಪೈಪಿನ ಪಾಲು. ಕ್ಲಾಸಿನಲ್ಲಿ ಮಕ್ಕಳು ಈ ಎರಡು ಪದ ಅದಲು ಬದಲು ಬರೆದಾಗ ಕೆಂಪು ಗೆರೆ ಎಳೆಯುತ್ತಿದ್ದೆ. ಈಗ ಯೋಚಿಸಿದರೆ, ಇಷ್ಟು ಹತ್ತಿರದ ಎರಡು ಪದಗಳನ್ನು ಒಂದೇ ಪಾಠದಲ್ಲಿ ಇಡಬಾರದು ಅನ್ನಿಸುತ್ತದೆ.

ನನ್ನ ಸೂಚನೆ: ಹೀಟರ್ ಹಾಳೆಗೆ ‘ಕಾವುಪಟ್ಟಿ’, ಪದರಕ್ಕೆ ‘ಕಾವುತಡೆ’. ‘ಪೈಪಿನ ಮೇಲೆ ಮೊದಲು ಕಾವುತಡೆ ಸುತ್ತಿ, ಅದರ ಮೇಲೆ ಕಾವುಪಟ್ಟಿ ಅಂಟಿಸಿ.’ ಇದನ್ನು ಯಾರು ಓದಿದರೂ ತಪ್ಪು ಮಾಡಲಾರರು. ‘ತಡೆ’ ಅಂದರೆ ಕಾವು ಅಂಗೈಗೂ ಬರದಂತೆ ತಡೆಯುವುದು ಅಂತ ಅರ್ಥ ಆಗಬಹುದೇ ಅನ್ನುವುದೊಂದೇ ನನ್ನ ಅಳುಕು. ‘ಕಾವಿನ ಒಳಹಾಸು’ ಅನ್ನೋಣವೇ? ಉದ್ದವಾಯಿತು, ಆದರೆ ಎಲ್ಲಿರಬೇಕು ಅನ್ನುವುದನ್ನು ಹೆಸರೇ ಹೇಳುತ್ತದೆ.

ವೈರಿಂಗ್ ಪದಗಳಲ್ಲಿ ಅಷ್ಟು ಜಗಳವಿಲ್ಲ. ಎರಡು ಗ್ರಿಪ್ಪಿನ ಹೀಟರುಗಳನ್ನು ಪಕ್ಕಪಕ್ಕ ಜೋಡಿಸಿದರೆ ಪೂರ್ತಿ ಕಾವು, ಒಂದರ ಹಿಂದೆ ಒಂದು ಜೋಡಿಸಿದರೆ ಕಡಿಮೆ ಕಾವು. ಹಳೆಯ ಗಾಡಿಗಳಲ್ಲಿ ಸ್ವಿಚ್ಚು ಇಷ್ಟನ್ನೇ ಮಾಡುವುದುಂಟು. 12 ವೋಲ್ಟಿಗೆ ಒಂದೊಂದೂ 30 ವ್ಯಾಟ್ ಅಂತ ಇಟ್ಟುಕೊಳ್ಳಿ. ಪಕ್ಕಪಕ್ಕ ಇದ್ದಾಗ ಒಟ್ಟು 60 ವ್ಯಾಟ್, 5 ಆಂಪಿಯರ್. ಒಂದರ ಹಿಂದೆ ಒಂದು ಇದ್ದಾಗ ಒಟ್ಟು 15 ವ್ಯಾಟ್ ಮಾತ್ರ. ಅರ್ಧವಲ್ಲ, ಕಾಲು ಭಾಗ. ಪಠ್ಯದಲ್ಲಿ ಒಂದರ ಹಿಂದೆ ಒಂದು ಜೋಡಿಸುವುದಕ್ಕೆ ಸರಣಿ, ಪಕ್ಕಪಕ್ಕ ಜೋಡಿಸುವುದಕ್ಕೆ ಸಮಾಂತರ ಅಂತ ಇದೆ. ಅಂಗಡಿಯಲ್ಲಿ ಸೀರೀಸ್, ಪ್ಯಾರಲಲ್. ಜಾತ್ರೆಯಲ್ಲಿ ಕಟ್ಟುವ ಸೀರಿಯಲ್ ಸೆಟ್ ಎಲ್ಲರಿಗೂ ಗೊತ್ತಿರುವುದರಿಂದ ‘ಸೀರಿಯಲ್ ಜೋಡಣೆ’ ಅಂದರೂ ನಡೆಯುತ್ತದೆ. ನಾನು ಸರಣಿಯನ್ನೇ ಉಳಿಸಿಕೊಂಡಿದ್ದೇನೆ, ಅದು ಒಳ್ಳೆಯ ಪದ. ಬ್ಯಾಟರಿಯೇ ಇಲ್ಲದ ಹಳೆಯ ಸ್ನೋಮೊಬೈಲುಗಳಲ್ಲಿ ಕರೆಂಟ್ ಬರುವುದು ಎಂಜಿನ್ನಿನ ಮ್ಯಾಗ್ನೆಟ್ ಕಾಯಿಲಿನಿಂದ. ಗಾಡಿ ಸುಮ್ನೆ ನಿಂತು ಸಣ್ಣಗೆ ಓಡುತ್ತಿರುವಾಗ ಅದು ಕಡಿಮೆ ಕೊಡುತ್ತದೆ. ಅದಕ್ಕೇ ವ್ಯಾಟ್ ಏರಿಸುವ ಮೊದಲು ಕಾವುತಡೆ ಹಾಕಿ ಅನ್ನುವುದು ಇಬ್ಬರದೂ ಒಂದೇ ಮಾತು.

ಕಾವಿನ ಮಟ್ಟಕ್ಕೆ ಮೆಕ್ಯಾನಿಕ್ ‘ಸಣ್ಣ ಉರಿ, ದೊಡ್ಡ ಉರಿ’ ಅನ್ನುತ್ತಾನೆ. ಅಡುಗೆಮನೆಯ ಮಾತು, ಚೆನ್ನಾಗಿಯೇ ಇದೆ. ಇಲ್ಲಿ ಉರಿ ಇಲ್ಲವಲ್ಲ ಅಂತ ನಾನು ‘ಸಣ್ಣ ಕಾವು, ಹದ ಕಾವು, ಪೂರ್ತಿ ಕಾವು’ ಅಂತ ಬರೆದಿದ್ದೇನೆ.

ಇನ್ನು ಗಾಳಿ. ಎಷ್ಟೇ ಕಾವು ಕೊಟ್ಟರೂ ಬೆರಳ ಬೆನ್ನಿಗೆ ಗಾಳಿ ಬಡಿದರೆ ಪ್ರಯೋಜನವಿಲ್ಲ. ಗ್ರಿಪ್ ಬೆಚ್ಚಗಿಡುವುದು ಅಂಗೈಯನ್ನು ಮಾತ್ರ. ಹೊರಗೆ ಮೈನಸ್ 20 ಡಿಗ್ರಿ ಇದ್ದು ಗಂಟೆಗೆ 40 ಕಿಲೋಮೀಟರ್ ಗಾಳಿ ಬೀಸಿದರೆ ಬರಿಮೈಗೆ ಅದು ಸುಮಾರು ಮೈನಸ್ 34ರ ಚಳಿ. ಕೆನಡಾದ ಹವಾಮಾನ ವರದಿಯಲ್ಲಿ ಈ ಎರಡನೆಯ ಲೆಕ್ಕವನ್ನೂ ಹೇಳುತ್ತಾರಂತೆ. ಇದಕ್ಕೆ ‘ಗಾಳಿಚಳಿ’ ಅನ್ನಬಹುದು ಅನ್ನಿಸಿತು. ಚಳಿಗಾಳಿ ಅಂದರೆ ತಣ್ಣಗಿನ ಗಾಳಿ, ಗಾಳಿಚಳಿ ಅಂದರೆ ಗಾಳಿಯಿಂದಾಗುವ ಚಳಿ. ಹ್ಯಾಂಡಲ್ಲಿಗೆ ಹೊರಗಿನಿಂದ ತೊಡಿಸುವ ದಪ್ಪ ಚೀಲಗಳಿಗೆ ‘ಕೈಗವಸು’ ಅಂದರೆ ಗ್ಲೌಸಿನ ಜತೆ ಕಲಸಿಹೋಗುತ್ತದೆ. ‘ಹಿಡಿಗವಸು’ ಹೇಗೆ? ಹಿಡಿಗೆ ತೊಡಿಸುವ ಗವಸು.

ಹೆಬ್ಬೆಟ್ಟಿನ ಸನ್ನೆಗೂ ಬೇರೆ ಹೀಟರ್ ಇರುತ್ತದೆ. ದಿನವಿಡೀ ಒತ್ತಿ ಹಿಡಿಯುವ ಬೆರಳು ಅದೇ ತಾನೆ. ‘ಬೆಟ್ಟುಗಾವು’ ಅಂತ ಬರೆದು ನೋಡಿದೆ. ಸಂಧಿ ಸರಿಯಿದೆ, ಆದರೆ ಬೆಟ್ಟು ಅಂದಾಗ ದಕ್ಷಿಣ ಕನ್ನಡದವರಿಗೆ ಗದ್ದೆಯ ಪಕ್ಕದ ಎತ್ತರದ ನೆಲ ನೆನಪಾಗಬಹುದು. ‘ಹೆಬ್ಬೆಟ್ಟಿನ ಕಾವುಪಟ್ಟಿ’ ಅಂತಲೇ ಇಟ್ಟಿದ್ದೇನೆ.

ನನಗೆ ಬೇಕಾಗಿರುವುದು ಇವು. ತುಮಕೂರು, ತಿಪಟೂರು, ಪಾವಗಡ ಕಡೆಯವರು ಗುದ್ದಲಿಯ ಕಾವಿಗೆ ಕಾವು ಅಂತಲೇ ಅನ್ನುತ್ತೀರಾ, ಬೇರೆ ಪದ ಇದೆಯೇ? ಮುಳಬಾಗಿಲು, ಶ್ರೀನಿವಾಸಪುರ ಕಡೆ ಕನ್ನಡ, ತೆಲುಗು ಎರಡೂ ಮಾತಾಡುವ ಮನೆಗಳಲ್ಲಿ ಹೇಗೆ? ಕೈ ಚಳಿಗೆ ಮರಗಟ್ಟುವುದು, ಸೆಟೆಯುವುದು, ಜೋಮು ಹಿಡಿಯುವುದು, ಇವನ್ನು ನಿಮ್ಮಲ್ಲಿ ಬೇರೆ ಬೇರೆಯಾಗಿ ಬಳಸುತ್ತೀರಾ? ನಂದಿ ಬೆಟ್ಟದಿಂದ ಇಳಿದು ಬರುವ ಹುಡುಗರು ‘ಕೈ ಸೆಟೆದು ಹೋಯ್ತು’ ಅಂತಾರೆ. ಸ್ಪರ್ಶವೇ ಹೋದ ಸ್ಥಿತಿಗೆ ನಾನು ‘ಮರಗಟ್ಟು’ ಇಟ್ಟುಕೊಂಡಿದ್ದೇನೆ. ಎಚ್ಚರಿಕೆಯ ಸಾಲಿನಲ್ಲಿ ಅದು ಬರುವುದರಿಂದ ತಪ್ಪಾಗಬಾರದು. ಕೈ ಮರಗಟ್ಟಿದವನಿಗೆ ಗ್ರಿಪ್ ಎಷ್ಟು ಬಿಸಿಯಿದೆ ಅನ್ನುವುದೂ ತಿಳಿಯುವುದಿಲ್ಲ, ಚರ್ಮ ಸುಟ್ಟುಕೊಳ್ಳಬಹುದು.

ಮತ್ತೆ ಮುಖ್ಯವಾಗಿ ಕಾವುತಡೆಯೋ, ಒಳಹಾಸೋ? ವೈರಿಂಗ್, ಮೋಟರ್ ರಿವೈಂಡಿಂಗ್ ಕೆಲಸ ಮಾಡುವವರು ಬಳಗದಲ್ಲಿದ್ದರೆ ನಿಮ್ಮ ಅಂಗಡಿಯಲ್ಲಿ ಇಂಥ ಪದರಕ್ಕೆ ಹುಡುಗರು ಏನನ್ನುತ್ತಾರೆ ಅಂತ ಕೇಳಿ ಬರೆಯಿರಿ. ಈ ತಿಂಗಳ ಕೊನೆಗೆ ಹಾಳೆ ಅಚ್ಚಿಗೆ ಹೋಗುತ್ತದೆ.