‘ಆತ್ಮಸಾಕ್ಷಿಯ ಕೈದಿ’ ಅಂದ್ರೆ ನಿಮಗೇನು ಅರ್ಥ ಆಗುತ್ತೆ?

ಎಲ್ರಿಗೂ ನಮಸ್ಕಾರ,

ಒಂದು ಅನುವಾದದಲ್ಲಿ ಸಿಕ್ಕಾಕೊಂಡಿದೀನಿ. ಚೀನಾದ ಲೇಖಕ ಲಿಯು ಶಿಯಾಬೋ ಬಗ್ಗೆ ಸಣ್ಣ ಲೇಖನ. ಬರೆದದ್ದಕ್ಕೇ 2009ರಲ್ಲಿ ಅವರಿಗೆ 11 ವರ್ಷ ಶಿಕ್ಷೆ ಆಯ್ತು, ‘ಪ್ರಭುತ್ವ ಬುಡಮೇಲು ಮಾಡೋಕೆ ಪ್ರಚೋದನೆ’ ಅಂತ ಕೇಸು, ಮುಂದಿನ ವರ್ಷ ನೊಬೆಲ್ ಬಂದಾಗ ಓಸ್ಲೋದಲ್ಲಿ ಖಾಲಿ ಕುರ್ಚಿ ಇಟ್ರು, 2017ರಲ್ಲಿ ಸೆರೆಯಲ್ಲಿದ್ದಾಗ್ಲೇ ತೀರ್ಕೊಂಡ್ರು. ಮೂಲದಲ್ಲಿ ಅವರನ್ನ ‘ಪ್ರಿಸನರ್ ಆಫ್ ಕಾನ್ಷನ್ಸ್’ ಅಂದಿದಾರೆ, ನಾನು ‘ಆತ್ಮಸಾಕ್ಷಿಯ ಕೈದಿ’ ಅಂತ ಬರೆದೆ. ಅಮ್ಮ ಅವರೆಕಾಯಿ ಬಿಡಿಸ್ತಾ ಕೂತಿದ್ರು, ಆ ಒಂದು ಸಾಲು ಮಾತ್ರ ಓದಿ ಹೇಳ್ದೆ. "ಅಯ್ಯೋ, ಯಾರನ್ನ ಕೊಂದಿದ್ನಂತೆ?" ಅಂದ್ರು!

ಅವರ ತಪ್ಪಿಲ್ಲ. ‘ಹಣದ ದಾಸ’ ಅಂದ್ರೆ ಹಣಾನೇ ಯಜಮಾನ ಅಲ್ವಾ, ಹಾಗೇ ‘ಆತ್ಮಸಾಕ್ಷಿಯ ಕೈದಿ’ ಅಂದಾಗ ಆತ್ಮಸಾಕ್ಷೀನೇ ಜೈಲರ್ ಆಗ್ಬಿಡುತ್ತೆ, ಏನೋ ಪಾಪ ಮಾಡಿ ಒಳಗೊಳಗೇ ಕೊರಗೋ ಮನುಷ್ಯ. ಕೂಡಿ ಹಾಕಿದ ಸರ್ಕಾರ ಪದದಿಂದಲೇ ಮಾಯ.

‘ರಾಜಕೀಯ ಕೈದಿ’ ಇದೆಯಲ್ಲ ಅಂತೀರಾ. ನಮ್ಮ ಬೆಂಗಳೂರಲ್ಲಿ ಹಾಗಂದ್ರೆ ಪರಪ್ಪನ ಅಗ್ರಹಾರಕ್ಕೆ ಹೋದ ಯಾವುದೋ ಪುಢಾರಿ ನೆನಪಾಗ್ತಾನೆ, ಮನೆ ಊಟ, ಎದೆನೋವು, ಆಸ್ಪತ್ರೆ ಇತ್ಯಾದಿ. ಅದೂ ಅಲ್ದೆ ಎರಡೂ ಒಂದೇ ಅಲ್ಲ. 1961ರಲ್ಲಿ ಪೀಟರ್ ಬೆನೆನ್ಸನ್ ಆಮ್ನೆಸ್ಟಿ ಅನ್ನೋ ಮಾನವ ಹಕ್ಕು ಸಂಸ್ಥೆ ಶುರು ಮಾಡಿದಾಗ ‘ಪ್ರಿಸನರ್ ಆಫ್ ಕಾನ್ಷನ್ಸ್’ ಅನ್ನೋ ಪದಕ್ಕೆ ಒಂದು ಷರತ್ತು ಇಟ್ರು: ನಂಬಿಕೆಗಾಗಿ ಜೈಲಿಗೆ ಹೋಗಿರ್ಬೇಕು, ಆದ್ರೆ ಹಿಂಸೆ ಮಾಡಿರಬಾರ್ದು, ಮಾಡಿ ಅಂತಾನೂ ಹೇಳಿರಬಾರ್ದು. ಅದಕ್ಕೇ 1964ರ ವಿಚಾರಣೇಲಿ ಹಿಂಸೆಯ ದಾರೀನ ಸಮರ್ಥಿಸಿದ ಮೇಲೆ ಮಂಡೇಲಾಗೂ ಈ ಹೆಸರು ಕೊಡ್ಲಿಲ್ಲ. (ಹಳಗನ್ನಡದಲ್ಲಿ ‘ಕೈದು’ ಅಂದ್ರೆ ಆಯುಧ, ‘ಕೈದಿ’ ಅರಬ್ಬಿಯಿಂದ ಬಂದದ್ದು, ಎರಡಕ್ಕೂ ಸಂಬಂಧ ಇಲ್ಲ. ಆದ್ರೂ ಇವರು ಕೈದು ಹಿಡಿಯದ ಕೈದಿಗಳು ಅಂತ ಬರೆಯೋ ಆಸೆ ಬಂತು, ತಡ್ಕೊಂಡೆ.)

ದೊಡ್ಡಪ್ಪನ ಕಾಲದವರು ‘ಮೀಸಾ ಬಂದಿ’ ಅಂತಿದ್ರು, ಮೀಸಾ ಅಂದ್ರೆ ವಿಚಾರಣೆ ಇಲ್ದೇ ಒಳಗೆ ಹಾಕೋ ಆಂತರಿಕ ಭದ್ರತಾ ಕಾಯ್ದೆ. ತುರ್ತು ಪರಿಸ್ಥಿತಿಲಿ ವಾಜಪೇಯಿ, ಅಡ್ವಾಣಿ, ಸ್ನೇಹಲತಾ ರೆಡ್ಡಿ ಎಲ್ಲ ಇಲ್ಲೇ ಸೆಂಟ್ರಲ್ ಜೈಲಲ್ಲಿ ಇದ್ರು, ಈಗ ಅದು ಫ್ರೀಡಂ ಪಾರ್ಕ್. ಕಾಯ್ದೆ ಹೆಸರನ್ನೇ ಮುಂದೆ ಹಚ್ಚಿದ್ರಿಂದ ಯಾರು ಹಿಡಿದ್ರು ಅನ್ನೋದು ಥಟ್ಟಂತ ಗೊತ್ತಾಗ್ತಿತ್ತು, ಎಷ್ಟು ಚೊಕ್ಕ ಪದ ನೋಡಿ. ಅದೇ ಜಾಡಲ್ಲಿ ‘ವಿಚಾರಬಂದಿ’ ಅಂತ ಕಟ್ಟಿದ್ರೆ ಫ್ರೆಂಡ್ ಒಬ್ಬ "ವಿಚಾರಣಾಧೀನ ಕೈದಿನಾ?" ಅಂದ. ಅಂದಹಾಗೆ ‘ಬಂದಿ’ಗೆ ಮಹಾಪ್ರಾಣ ಬೇಡ, ‘ಬಂಧನ’ ನೋಡಿ ಎಲ್ರೂ ‘ಬಂಧಿ’ ಅಂತ ಬರೀತಾರೆ.

ಸದ್ಯಕ್ಕೆ ‘ನಿಲುವಿಗಾಗಿ ಸೆರೆಯಾದವರು’ ಅಂತ ಹಾಕಿದೀನಿ, ಅರ್ಥ ಸರಿ, ಆದ್ರೆ ಹೆಡ್ಡಿಂಗಿಗೆ ಕೂರಲ್ಲ. ಇದಕ್ಕಿಂತ ಗಿಡ್ಡದ್ದು ಹೊಳೆದ್ರೆ ಹೇಳಿ.

ಇನ್ನೊಂದು, ಈಜಿಪ್ಟಿನ ‘ತದ್ವೀರ್’. ಬಿಡುಗಡೆ ಆದೇಶ ಬಂದ ಕೂಡ್ಲೇ ಹೊರಗೆ ಬಿಡೋ ಬದ್ಲು ಅದೇ ಆರೋಪಗಳ ಹೊಸ ಕೇಸಲ್ಲಿ ಹೆಸರು ಸೇರಿಸಿ ಸೆರೆವಾಸದ ದಿನಗಳ ಲೆಕ್ಕಾನ ಮತ್ತೆ ಮೊದಲ ದಿನದಿಂದ ಶುರು ಮಾಡೋದು. ಅರಬ್ಬಿಲಿ ‘ತಿರುಗಿಸೋದು’ ಅಂತ. ‘ಮರುಬಂಧನ’ ಅನ್ನೋಣ ಅಂದ್ರೆ ಮನುಷ್ಯ ಹೊರಗೇ ಬಂದಿಲ್ವಲ್ಲ, ‘ಇನ್ನೊಂದು ಕೇಸ್ ಫಿಟ್ ಮಾಡೋದು’ ಅನ್ನೋ ನಮ್ಮ ಮಾತೇ ಹತ್ರ ಅನ್ಸುತ್ತೆ, ಲೇಖನದಲ್ಲಿ ಹಾಗೇ ಬಿಟ್ರೆ ತೀರಾ ಹಗುರ ಆಗುತ್ತಾ?