ಸಹಾಯ ಬೇಕು: ಇಳಿಜಾರಿನಲ್ಲಿ ಹೈಡ್ರೋಸೀಡಿಂಗ್ ಮಾಡಿಸಿದವರು ಇದ್ದೀರಾ?

ಎಲ್ಲರಿಗೂ ನಮಸ್ಕಾರ. ಮಣ್ಣು ಕಡಿದು ಮಾಡಿದ ಒಂದು ಇಳಿಜಾರಿದೆ. ಮೇಲ್ಮಣ್ಣು ಹೋಗಿ ಒಳಗಿನ ಗಟ್ಟಿ ಮಣ್ಣು ಬಯಲಾಗಿದೆ. ಪ್ರತಿ ಮಳೆಗೂ ಕೊರಕಲು ಬಿದ್ದು ಕೆಸರೆಲ್ಲ ಹಳ್ಳ ಸೇರುತ್ತಿದೆ. ನೋಡಿದರೆ ಹೊಟ್ಟೆ ಉರಿಯುತ್ತದೆ.

ಸುಮ್ನೆ ಬೀಜ ಚೆಲ್ಲಿದರೆ ಅಲ್ಲಿ ನಿಲ್ಲುವುದಿಲ್ಲ. ಹಾಗಾಗಿ ಬೀಜ, ಮರದ ನಾರು, ಗೊಬ್ಬರ, ಅಂಟಿಗೆ ಗೌರ್ ಗಮ್ ನೀರಲ್ಲಿ ಕಲಸಿ ಪಂಪಿನಿಂದ ಸಿಂಪಡಿಸುವ ಹೈಡ್ರೋಸೀಡಿಂಗ್ ಮಾಡಿಸಬೇಕು ಅಂತಿದ್ದೇವೆ.

ಮುಖ್ಯ ಗೊಂದಲ ಇದು. ಗುತ್ತಿಗೆದಾರರು ಎಲ್ಲವನ್ನೂ ಒಂದೇ ಸಲ ಹೊಡೆದರೆ ಸಾಕು ಅನ್ನುತ್ತಾರೆ. ಆಗ ತುಂಬಾ ಬೀಜ ನಾರಿನ ಪದರದಲ್ಲೇ ಸಿಕ್ಕಿಕೊಂಡು, ಮಣ್ಣಿಗೆ ತಾಗದೆ ಒಣಗುತ್ತದೆ ಅಲ್ವಾ? ಮೊದಲು ಬೀಜದ ಜೊತೆ ಸ್ವಲ್ಪವೇ ನಾರು, ಆಮೇಲೆ ಉಳಿದ ನಾರು ಮತ್ತು ಅಂಟು, ಹೀಗೆ ಎರಡು ಸಲ ಮಾಡುವುದೇ ಸರಿ ಅಂತ ನನ್ನ ಅನಿಸಿಕೆ. ಖರ್ಚು ಜಾಸ್ತಿ, ನಿಜ. ಮಾಡಿಸಿದವರಿಗೆ ವ್ಯತ್ಯಾಸ ಕಂಡಿತೇ?

ಹುಲ್ಲಿನ ಜೊತೆ ದ್ವಿದಳ ಗಿಡಗಳ ಬೀಜವೂ ಇದೆ. ಅದಕ್ಕೆ ರೈಜೋಬಿಯಂ (ಬೇರಿನ ಗಂಟುಗಳಲ್ಲಿದ್ದು ಗಿಡಕ್ಕೆ ಸಾರಜನಕ ಒದಗಿಸುವ ಬ್ಯಾಕ್ಟೀರಿಯಾ) ಹಚ್ಚಬೇಕು. ಅದೇ ಟ್ಯಾಂಕಿನಲ್ಲಿ ರಾಸಾಯನಿಕ ಗೊಬ್ಬರ ಬೆರೆಸಿ ಹೊತ್ತು ಕಳೆದರೆ ಆ ಬ್ಯಾಕ್ಟೀರಿಯಾ ಸಾಯುವ ಭಯ. ನೀವು ಗೊಬ್ಬರ ಬೇರೆಯಾಗಿ ಕೊಟ್ಟಿರಾ?

ಕೆಲವು ಕಡೆ ಇಳಿಜಾರು ತುಂಬಾ ಕಡಿದಾಗಿದೆ. ಅಲ್ಲಿ ಸಿಂಪಡಣೆಯೊಂದೇ ಸಾಲದು. ತೆಂಗಿನ ನಾರಿನ ಚಾಪೆಯನ್ನು ಸಿಂಪಡಿಸಿದ ಮೇಲೆ ಹಾಸಬೇಕೋ, ಮೊದಲೇ ಹಾಸಬೇಕೋ? ಮೇಲಿಂದ ಹರಿದು ಬರುವ ನೀರಿಗೆ ಕಾಲುವೆ ತೋಡಿ ಬೇರೆ ದಾರಿ ಮಾಡುತ್ತಿದ್ದೇವೆ.

ಮಳೆ ಶುರುವಾಗುವ ಮೊದಲೇ ಚಿಗುರು ಬರಬೇಕು. ಅನುಭವ ಇರುವವರು ದಯವಿಟ್ಟು ಬರೆಯಿರಿ, ಫೋಟೊ ಇದ್ದರೆ ಹಾಕಿ.